ಹಲ್ಲಿಗೆ ಹಚ್ಚುವುದು

ಎರಡು ವರ್ಷ ನಾನು ಗುರುತಿಲ್ಲದವರಿಗೆ ಫೋನ್ ಮಾಡಿ ಅವರ ಚಟಗಳ ಬಗ್ಗೆ ಕೇಳುವ ಕೆಲಸ ಮಾಡಿದೆ. ಅಂಧೇರಿಯಲ್ಲಿ ಕಚೇರಿ. ಕಂಪ್ಯೂಟರು ತಾನೇ ಹತ್ತು ಅಂಕಿ ಜೋಡಿಸಿ ಡಯಲ್ ಮಾಡುತ್ತಿತ್ತು. ಟೆಲಿಫೋನಿನ ಲೆಕ್ಕದಲ್ಲಿ ಮುಂಬೈ ಸರ್ಕಲ್ ಎಂದರೆ ನವಿ ಮುಂಬೈ, ಕಲ್ಯಾಣ ಎಲ್ಲ ಸೇರಿ. ಒಂದು ಕರೆ ಮಲಬಾರ್ ಹಿಲ್‌ಗೆ ಹೋದರೆ ಮುಂದಿನದು ಡೊಂಬಿವಲಿಯ ರಿಕ್ಷಾವಾಲಾನಿಗೆ. ಬೀಡಿ ಸೇದುತ್ತೀರಾ, ಕಳೆದ 30 ದಿನಗಳಲ್ಲಿ ಎಷ್ಟು ದಿನ ಕುಡಿದಿರಿ, ವಾರಕ್ಕೆ ಎಷ್ಟು ದಿನ ಹಣ್ಣು ತಿನ್ನುತ್ತೀರಿ? ಹಣ್ಣಿನ ಪ್ರಶ್ನೆಗೆ ಹೆಚ್ಚಿನವರು ನಗುತ್ತಿದ್ದರು.

ಈ ಪದ್ಧತಿಯ ದೊಡ್ಡಣ್ಣ ಇರುವುದು ಅಮೆರಿಕದಲ್ಲಿ. ಅಲ್ಲಿನ ರೋಗ ನಿಯಂತ್ರಣ ಕೇಂದ್ರ 1984ರಲ್ಲಿ 15 ರಾಜ್ಯಗಳಲ್ಲಿ ಶುರು ಮಾಡಿದ ಫೋನ್ ಸಮೀಕ್ಷೆ ಈಗ ವರ್ಷಕ್ಕೆ 4 ಲಕ್ಷಕ್ಕೂ ಹೆಚ್ಚು ವಯಸ್ಕರನ್ನು ಮಾತಾಡಿಸುತ್ತದೆ. ತರಬೇತಿಯಲ್ಲಿ ಇದನ್ನು ಕೇಳಿದಾಗ ನನಗೆ ಮೊದಲು ಹೊಳೆದದ್ದು, ಅಲ್ಲಿ ಫೋನ್ ಎತ್ತಿದವರ ಹಿಂದೆ ಒಂದು ಕೋಣೆ, ಮುಚ್ಚಲೊಂದು ಬಾಗಿಲು ಇರುತ್ತದೆ ಎಂದು. ನಮ್ಮ ಚಾಳಿನ ಹತ್ತಡಿ ಖೋಲಿಯಲ್ಲಿ ಅತ್ತೆ, ಗಂಡ, ಮಕ್ಕಳು, ಟಿವಿ ಎಲ್ಲ ಕೂಡಿ ಉತ್ತರ ಕೊಡುತ್ತಾರೆ.

ಮನೆಯಲ್ಲಿ ಯಾರನ್ನು ಮಾತಾಡಿಸಬೇಕೆಂದು ಕಂಪ್ಯೂಟರೇ ಚೀಟಿ ಎತ್ತಿದ ಹಾಗೆ ಆರಿಸುತ್ತಿತ್ತು. ಹೆಂಗಸರ ಹೆಸರು ಬಂದರೆ ಕೇಳುವವರೂ ಹೆಂಗಸರೇ. ಆದರೆ ಫೋನ್ ಗಂಡನದು. "ಅವಳಿಗೇನು ಗೊತ್ತು, ನಾನೇ ಹೇಳ್ತೀನಿ ಕೇಳಿ" ಎಂಬ ಮಾತನ್ನು ಮರಾಠಿ, ಹಿಂದಿ, ಗುಜರಾತಿ ಎಲ್ಲದರಲ್ಲೂ ಕೇಳಿದ್ದೇನೆ. ಕೊನೆಗೆ ಆಕೆ ಬಂದರೂ ಸ್ಪೀಕರ್ ಹಾಕಿರುತ್ತಿತ್ತು. ಅದಕ್ಕೇ ಪ್ರಶ್ನೆಗಳನ್ನು ಹೌದು, ಇಲ್ಲ ಅಂದರೆ ಸಾಕಾಗುವಂತೆ ಬರೆದಿದ್ದರು. ಪಕ್ಕದವರಿಗೆ ಉತ್ತರ ಕೇಳಿಸಿದರೂ ಪ್ರಶ್ನೆ ತಿಳಿಯಬಾರದು. ಸ್ಪೀಕರ್ ಹಾಕಿದ ಮೇಲೆ ಆ ಜಾಣತನದಿಂದ ಏನೂ ಉಪಯೋಗವಿಲ್ಲ.

"ಯಾವುದೇ ರೂಪದಲ್ಲಿ ತಂಬಾಕು ಬಳಸುತ್ತೀರಾ?" ಹೆಂಗಸರು ಒಂದೇ ಉಸಿರಿಗೆ ಇಲ್ಲ ಎನ್ನುತ್ತಿದ್ದರು. ನಾನು ಒತ್ತಿ ಮುಂದೆ ಹೋಗುತ್ತಿದ್ದೆ.

ಒಂದು ಭಾನುವಾರ ಕಳವಾಕ್ಕೆ ದೊಡ್ಡವ್ವನ ಮನೆಗೆ ಹೋಗಿದ್ದೆ. ವಿಜಯಪುರದ ಕಡೆಯಿಂದ ಮದುವೆಯಾಗಿ ಬಂದು ನಲವತ್ತು ವರ್ಷವಾಗಿದೆ. ಆಕೆ ಹೊಸಿಲ ಬಳಿ ಕೂತು ಬೆರಳಿನಿಂದ ಮಿಶ್ರಿ ಉಜ್ಜುತ್ತಿದ್ದಳು. ತಂಬಾಕಿನ ಎಲೆಯನ್ನು ತವೆಯ ಮೇಲೆ ಕರ್ರಗಾಗುವವರೆಗೆ ಹುರಿದು ಕುಟ್ಟಿದರೆ ಮಿಶ್ರಿ. ಈಕೆ ಅದನ್ನು ಮನೆಯಲ್ಲೇ ಮಾಡುತ್ತಾಳೆ, ಆ ಘಾಟಿಗೆ ಚಾಳಿನವರೆಲ್ಲ ಕೆಮ್ಮುತ್ತಾರೆ. ತಮಾಷೆಗೆ ಕಚೇರಿಯ ದನಿಯಲ್ಲೇ ಕೇಳಿದೆ: "ನೀವು ಯಾವುದೇ ರೂಪದಲ್ಲಿ ತಂಬಾಕು ಬಳಸುತ್ತೀರಾ?"

"ಛೀ, ನಾ ಯಾಕ ತಂಬಾಕ ತಿನ್ನಲಿ?"

"ಮತ್ತ ಇದು?"

"ಇದು ಹಲ್ಲಿಗೆ ಹಚ್ಚೂದವ್ವಾ."

ಸುಳ್ಳು ಹೇಳುತ್ತಿರಲಿಲ್ಲ. ಆಕೆಯ ಲೆಕ್ಕದಲ್ಲಿ ತಂಬಾಕು ಎಂದರೆ ಗಂಡಸರು ಅಂಗೈಯಲ್ಲಿ ಸುಣ್ಣ ಹಾಕಿ ತಿಕ್ಕುವುದು. ಇದು ಬೆಳಗಿನ ಕೆಲಸ. ಆಮೇಲೆ ಮಧ್ಯಾಹ್ನ, ರಾತ್ರಿ ಕೂಡ.

ಅವತ್ತು ಲೋಕಲ್‌ನಲ್ಲಿ ವಾಪಸು ಬರುವಾಗ ನಾನು ಒತ್ತಿದ "ಇಲ್ಲ"ಗಳನ್ನು ನೆನೆಯುತ್ತಾ ಬಂದೆ. ಸೋಮವಾರ ಸೂಪರ್‌ವೈಸರ್‌ಗೆ ಹೇಳಿದರೆ ಆತ ಬೈಯಲಿಲ್ಲ, ಒಪ್ಪಿಕೊಂಡರು. ಆದರೆ ನಡುವೆ ಪ್ರಶ್ನೆ ಬದಲಿಸಿದರೆ ಮೊದಲ ಅರ್ಧವನ್ನು ಎರಡನೆಯ ಅರ್ಧದ ಜೊತೆ ಹೋಲಿಸಲಾಗುವುದಿಲ್ಲ. ಮಿಶ್ರಿ, ಗುಟ್ಕಾ, ಖೈನಿ, ತಪಕೀರು ಎಂದು ಒಂದೊಂದನ್ನೇ ಹೆಸರಿಸುತ್ತ ಹೋದರೆ ಕರೆ ಉದ್ದವಾಗುತ್ತದೆ, ಉದ್ದವಾದರೆ ಕಟ್ ಮಾಡುತ್ತಾರೆ. ಎರಡೂ ನಿಜವೇ.

ಆಮೇಲೆ ಹಳೆಯ ಲೆಕ್ಕಗಳನ್ನು ಹುಡುಕಿ ಓದಿದೆ. 1990ರ ದಶಕದಲ್ಲಿ ಪ್ರಕಾಶ್ ಗುಪ್ತಾ ಅವರ ತಂಡ ಮತದಾರರ ಪಟ್ಟಿ ಹಿಡಿದು, ಕೈಯಲ್ಲಿ ಹಿಡಿಯುವ ಪುಟ್ಟ ಕಂಪ್ಯೂಟರುಗಳೊಂದಿಗೆ ಈ ನಗರದ ಮನೆಮನೆಗೆ ಹೋಗಿತ್ತು. 35 ದಾಟಿದ 99,598 ಜನರ ವಿವರ 1996ರಲ್ಲಿ ಪ್ರಕಟವಾಯಿತು. ಹೆಂಗಸರಲ್ಲಿ ತಂಬಾಕು ಬಳಸುವವರು 57.5 ಶೇಕಡಾ, ಹೆಚ್ಚುಕಡಿಮೆ ಎಲ್ಲವೂ ಹೊಗೆಯಿಲ್ಲದ್ದು. ಸಿಗರೇಟನ್ನಷ್ಟೇ ಕೇಳಿದ್ದರೆ ಮುಂಬೈಯ ಹೆಂಗಸರು ಚಟವಿಲ್ಲದವರು ಎಂದೇ ದಾಖಲಾಗುತ್ತಿತ್ತು. ಅವರಿಗೂ ಒಂದು ಕಡೆ ಪ್ರವೇಶ ಸಿಗಲಿಲ್ಲ: ಕಾವಲಿರುವ ಶ್ರೀಮಂತರ ಸೊಸೈಟಿಗಳನ್ನು ಬಿಡಬೇಕಾಯಿತು. ನಮ್ಮ ಫೋನಿಗೆ ವಾಚ್‌ಮನ್‌ನ ಕಾಟವಿಲ್ಲ. ಆದರೆ ಎದುರಿಗೆ ಕೂತವರ ಕಪ್ಪಾದ ಹಲ್ಲು ಫೋನಿಗೆ ಕಾಣುವುದಿಲ್ಲ.

ಮುಂದಿನ ಭಾನುವಾರ ದೊಡ್ಡವ್ವನ ಬಾಯಿಗೆ ಮೊಬೈಲ್ ಟಾರ್ಚ್ ಹಿಡಿದೆ. ಕೆಳತುಟಿಯ ಒಳಗೆ, ವಸಡಿನ ಪಕ್ಕ, ಉಗುರಿನಷ್ಟು ಬಿಳಿ ಮಚ್ಚೆ. ನೋವಿಲ್ಲ ಅಂದಳು. ಖಾರ ತಿಂದರೆ ಮಾತ್ರ ಉರಿಯುತ್ತದಂತೆ, ಅದೂ ಒಂದು ವರ್ಷದಿಂದ. ಬೈದು, ರಮಿಸಿ, ಸೀರೆ ಕೊಡಿಸುತ್ತೇನೆಂದು ಹೇಳಿ ಠಾಣೆಯ ಒಬ್ಬ ದಂತವೈದ್ಯೆಯ ಹತ್ತಿರ ಕರೆದುಕೊಂಡು ಹೋದೆ.

ಆಕೆ ಚಿಕ್ಕ ವಯಸ್ಸಿನವರು. ಕಾಗದದಿಂದ ತಲೆ ಎತ್ತದೆ, "ಆಜಿ, ತಂಬಾಖೂ ಖಾತಾ ಕಾ?" ಎಂದರು.

"ನಾಹೀ."

ನಾನು ಬಾಯಿ ತೆಗೆಯುವುದರೊಳಗೆ ಆಕೆ ತಲೆ ಎತ್ತಿ ದೊಡ್ಡವ್ವನ ಹಲ್ಲು ನೋಡಿದರು. "ಮಿಶ್ರಿ ಲಾವತಾ?"

"ಹೋ, ರೋಜ್ ಲಾವತೇ," ಎಂದಳು ದೊಡ್ಡವ್ವ, ಇಷ್ಟು ಹೊತ್ತು ಅದನ್ನೇಕೆ ಯಾರೂ ಕೇಳಲಿಲ್ಲ ಎನ್ನುವ ಹಾಗೆ.