ಕಳೆದುಹೋದ ಕಡತ

ಹಳತಾದುದನ್ನೆಲ್ಲ ಹೊರಗೆ ಹಾಕುವುದು ಈಗಿನ ಕಾಲದ ರೂಢಿಯಷ್ಟೆ. ಹನುಮಸಾಗರದ ನಮ್ಮ ಮನೆಯ ಗಣಕಯಂತ್ರವಾದರೋ ೨೦೦೧ರಲ್ಲಿ ಹೊರಬಂದ ವಿಂಡೋಸ್ ಎಕ್ಸ್‌ಪಿಯಿಂದ ನಡೆಯತಕ್ಕದ್ದು. ಅದನ್ನು ಇರಿಸಿಕೊಂಡುದಕ್ಕೆ ಕಾರಣವುಂಟು. ಅಜ್ಜಿಯವರು ಬೀಸುವಾಗ, ಕುಟ್ಟುವಾಗ ಹಾಡುತ್ತಿದ್ದ ಹಾಡುಗಳನ್ನು ಅವರ ಬಾಯಿಂದಲೇ ಕೇಳಿ, ನುಡಿ ತಂತ್ರಾಂಶದಲ್ಲಿ ಬರೆದು ಅದರೊಳಗಿರಿಸಿದ್ದೆವು. ಅಜ್ಜಿಯವರು ಈಗಿಲ್ಲ, ಹಾಡುಗಳ ಬರಹವೂ ಅದೊಂದೇ.

ಕಳೆದ ಬೇಸಿಗೆಯಲ್ಲಿ ಕೆಲಸದ ನಡುವೆ ವಿದ್ಯುತ್ತು ಹೋಯಿತು. ಮರಳಿ ಬಂದಾಗ ಯಂತ್ರವು ಎನ್‌ಟಿಎಫ್‌ಎಸ್.ಸಿಸ್ ಎಂಬ ಕಡತವು ಇಲ್ಲ, ಇಲ್ಲವೆ ಕೆಟ್ಟಿದೆ ಎಂದು ಕಪ್ಪು ತೆರೆಯ ಮೇಲೆ ಬರೆದು ನಿಂತುಬಿಟ್ಟಿತು. ದುರಸ್ತಿಗಾರರೊಬ್ಬರು ಎಲ್ಲವನ್ನೂ ಅಳಿಸಿ ಹೊಸದಾಗಿ ಸ್ಥಾಪಿಸುವುದೊಂದೇ ದಾರಿಯೆಂದರು. ಕೀಲಿಕೈ ಕಳೆಯಿತೆಂದು ಮನೆಯನ್ನೇ ಕೆಡವುವರೆ?

ಡ್ರೈವರ್ ಕಡತಗಳೆಂದರೆ ವ್ಯವಸ್ಥೆಗೂ ಯಂತ್ರದ ಅಂಗಗಳಿಗೂ ನಡುವಣ ದುಭಾಷಿಗಳು. ಅವುಗಳಲ್ಲಿ ಇದು ಹಾರ್ಡ್ ಡಿಸ್ಕಿನ ಬರಹವನ್ನು ಓದಿ ಹೇಳತಕ್ಕದ್ದು. ಇದು ಹೋದರೂ ಬರಹವೆಲ್ಲ ಇದ್ದಲ್ಲಿಯೇ ಇರಬಹುದು. ಓದಿ ಹೇಳುವವರು ಮಾತ್ರ ಇರುವುದಿಲ್ಲ.

ಆದುದರಿಂದ ಮೊದಲು ಡಿಸ್ಕನ್ನು ಬಿಚ್ಚಿ, ನೆರೆಮನೆಯ ಯಂತ್ರಕ್ಕೆ ಜೋಡಿಸಿ, ಹಾಡುಗಳ ಪ್ರತಿ ತೆಗೆದುಕೊಂಡೆವು. ಇದಕ್ಕೆ ಮುಂಚೆ ಬೇರಾವ ಚಿಕಿತ್ಸೆಯೂ ಕೂಡದೆಂಬುದು ನಮ್ಮ ಮತ. ಎಫ್‌೮ ಗುಂಡಿಯನ್ನೊತ್ತಿ ಹಿಂದಿನ ಏರ್ಪಾಡಿಗೆ ಮರಳುವ ಉಪಾಯವನ್ನು ಹಲವರು ಹೇಳುವರು. ಅದರಿಂದ ಏರ್ಪಾಡು ಮರಳೀತೇ ಹೊರತು ಕಳೆದ ಕಡತವು ಬಾರದು. ಬಳಿಕ ಮೂಲ ಸಿಡಿಯಿಂದ ಯಂತ್ರವನ್ನು ಎಬ್ಬಿಸಿ, ಆರ್ ಅಕ್ಷರವನ್ನೊತ್ತಿ, ರಿಕವರಿ ಕನ್ಸೋಲನ್ನು ಹೊಕ್ಕೆವು. ಅಲ್ಲಿ ವಿಂಡೋಸ್, ಸಿಸ್ಟಮ್‌೩೨, ಡ್ರೈವರ್ಸ್ ಎಂಬ ಫೋಲ್ಡರುಗಳನ್ನು ಒಂದೊಂದಾಗಿ ಇಳಿದು, ಕೆಟ್ಟ ಕಡತದ ಹೆಸರನ್ನು ಬದಲಿಸಿ, ಸಿಡಿಯ ಐ೩೮೬ ಫೋಲ್ಡರಿನಲ್ಲಿದ್ದ ಒಳ್ಳೆಯ ಪ್ರತಿಯನ್ನು ಕಾಪಿ ಆಜ್ಞೆಯಿಂದ ತಂದಿರಿಸಿದೆವು. ಚೆಕ್‌ಡಿಸ್ಕ್ ಪರೀಕ್ಷೆಗೂ ಹಚ್ಚಿದೆವು. ಅದು ಮುಗಿಯುವಷ್ಟರಲ್ಲಿ ಅಡಿಗೆಮನೆಯಲ್ಲಿ ಎರಡು ಹೊತ್ತಿನ ರೊಟ್ಟಿ ಬಡಿದಾಗಿತ್ತು. ಸಿಡಿಯನ್ನು ತೆಗೆದು ಮತ್ತೆ ಚಾಲೂ ಮಾಡಲು ಯಂತ್ರವು ಎಂದಿನಂತೆ ಎದ್ದಿತು.

ಎಕ್ಸ್‌ಪಿಗೆ ತಯಾರಕರು ನೀಡುತ್ತಿದ್ದ ಸಾಮಾನ್ಯ ರಕ್ಷಣೆಯು ೨೦೧೪ನೆಯ ಏಪ್ರಿಲ್ ೮ಕ್ಕೆ ಮುಗಿದಿರುವುದರಿಂದ ಅದಕ್ಕೆ ಅಂತರಜಾಲವನ್ನು ಜೋಡಿಸಿಲ್ಲ. ಆದರೂ ಅದು ಬೇಕೇ ಬೇಕು. ನೆರೆಮನೆಯಲ್ಲಿ ತೆರೆದಾಗ ಹಾಡುಗಳೆಲ್ಲ ರೋಮನ್ ಅಕ್ಷರಗಳ ಗೋಜಲಾಗಿ ಕಂಡಿದ್ದವು. ಹಳೆಯ ನುಡಿ ಬರಹವು ತನ್ನ ಫಾಂಟು ಇಲ್ಲದ ಕಡೆ ಓದಬಾರದು. ಈಗ ಅವನ್ನು ಯೂನಿಕೋಡಿಗೆ ಮಾರ್ಪಡಿಸುವ ಕೆಲಸ ನಡೆದಿದೆ. ಒತ್ತಕ್ಷರ ತಪ್ಪಿದಲ್ಲಿ ತಾಯಿಯವರು ಆ ಸಾಲನ್ನು ಹಾಡಿ ತೋರಿಸುತ್ತಾರೆ, ನಾವು ತಿದ್ದಿಕೊಳ್ಳುತ್ತೇವೆ.