ಮತ್ಸ್ಯವಿನೋದ

ಕಾವೇರಿಯ ದಡದಲ್ಲಿರುವ ನಮ್ಮ ರುದ್ರಪಟ್ಟಣವು ಸಂಗೀತಕ್ಕೆ ಹೆಸರಾದುದೇ ಹೊರತು ಮೀನುಗಾರಿಕೆಗಲ್ಲ. ಮೀನನ್ನು ಮುಟ್ಟದ ಮನೆತನದಲ್ಲಿ ಹುಟ್ಟಿ, ಮಕ್ಕಳಿಗೆ ಶಬ್ದಮಂಜರಿಯನ್ನು ಬಾಯಿಪಾಠ ಮಾಡಿಸುತ್ತ ವಯಸ್ಸು ಕಳೆದ ನಾವು ಗಾಳದ ವಿಷಯವನ್ನು ಬರೆಯಹೊರಟರೆ ವಾಚಕರಿಗೆ ನಗು ಬರುವುದು ಸಹಜವೇ. ಆದರೆ ಮೀನನ್ನು ತಿನ್ನದವರಿಗೆ ಮೀನಿನ ಪರಿಚಯವೇ ಇಲ್ಲವೆಂದು ತಿಳಿಯಬಾರದು. ರಾಮನಾಥಪುರದ ವಹ್ನಿಪುಷ್ಕರಿಣಿಯಲ್ಲಿ ಯಾತ್ರಿಕರು ಪುರಿಯನ್ನು ಎರಚಿದೊಡನೆ ದೊಡ್ಡ ದೊಡ್ಡ ಮೀನುಗಳು ಒಂದನ್ನೊಂದು ನೂಕಿಕೊಂಡು ಮೇಲಕ್ಕೆ ಬರುವುದನ್ನು ನಾವು ಬಾಲ್ಯದಿಂದಲೂ ನೋಡಿದ್ದೇವೆ. ಅಲ್ಲಿ ಅವು ದೇವರ ಮೀನುಗಳು. ಅವುಗಳಿಗೆ ಕೇಡೆಣಿಸುವುದು ಪಾಪವೆಂಬ ನಂಬಿಕೆಯೇ ಅವುಗಳಿಗೆ ಕಾವಲು.

ಸಂಸ್ಕೃತದ ವ್ಯಾಸಂಗ ಕಾಲದಲ್ಲಿ ಇದಕ್ಕೆ ವಿರುದ್ಧವಾಗಿ ತೋರುವ ಇನ್ನೊಂದು ವಿಷಯವೂ ನಮ್ಮ ಕಣ್ಣಿಗೆ ಬಿದ್ದಿತು. ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ರಚಿಸಿದ 'ಮಾನಸೋಲ್ಲಾಸ'ದಲ್ಲಿ ನೂರು ಅಧ್ಯಾಯಗಳಿವೆಯಷ್ಟೆ, ಅವುಗಳಲ್ಲೊಂದು 'ಮತ್ಸ್ಯವಿನೋದ'. ಮೀನುಗಳ ಜಾತಿಭೇದ, ಅವುಗಳಿಗೆ ಹಾಕತಕ್ಕ ಆಹಾರ, ಕೋಲು, ದಾರ, ಗಾಳ ಇವೆಲ್ಲವನ್ನೂ ಆ ರಾಜನು ಶಾಸ್ತ್ರದಂತೆ ವಿವರಿಸಿದ್ದಾನೆ. ಮತ್ಸ್ಯಶಾಸ್ತ್ರಜ್ಞರಾದ ಸುಂದರಲಾಲ ಹೋರಾ ಅವರು ೧೯೫೧ರಲ್ಲಿ ಈ ಅಧ್ಯಾಯವನ್ನು ಇಂಗ್ಲಿಷಿನಲ್ಲಿ ಪರಿಚಯಿಸಿದರು. ಒಂದು ಕಡೆ ಮುಟ್ಟಬಾರದೆಂಬ ನಿಯಮ, ಮತ್ತೊಂದು ಕಡೆ ಹಿಡಿಯುವ ಶಾಸ್ತ್ರ. ಇವೆರಡಕ್ಕೂ ಸಂಬಂಧವುಂಟೇ ಎಂಬ ಪ್ರಶ್ನೆ ಬಹುಕಾಲ ನಮ್ಮ ಮನಸ್ಸಿನಲ್ಲಿ ಉಳಿದಿತ್ತು.

ಕೆಲವು ವರ್ಷಗಳ ಕೆಳಗೆ ವೈಶಾಖ ಮಾಸದಲ್ಲಿ, ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ನಮ್ಮ ತಮ್ಮನ ಮಗನು ರಜೆಗೆ ಬಂದಿದ್ದನು. ಕೊಡಗಿನ ವಾಲ್ನೂರಿನ ಬಳಿ ಕೊಡಗು ವನ್ಯಜೀವಿ ಸಂಘದವರು ಕಾವೇರಿಯ ಒಂದು ಭಾಗವನ್ನು ಕಾಯುತ್ತ, ಗಾಳದ ವಿನೋದಕ್ಕೆ ನಿಯಮಪೂರ್ವಕವಾಗಿ ಅನುಮತಿ ಕೊಡುತ್ತಿದ್ದರು. ಅದನ್ನು ಪಡೆದುಕೊಂಡ ಹುಡುಗನು ನಾವೂ ಜೊತೆಗೆ ಬರಬೇಕೆಂದು ಹಟ ಹಿಡಿದನು.

"ಅಲ್ಲಿ ಯಾರೂ ಕೊಲ್ಲುವುದಿಲ್ಲ ದೊಡ್ಡಪ್ಪ. ಹಿಡಿದ ಮೀನನ್ನು ಮತ್ತೆ ನೀರಿಗೇ ಬಿಡಬೇಕು" ಎಂದನು.

"ಬಿಡುವುದಕ್ಕಾದರೆ ಹಿಡಿಯುವುದೇಕಪ್ಪ?" ಎಂದು ಕೇಳಿದೆವು. ಅವನಲ್ಲಿ ಉತ್ತರವಿರಲಿಲ್ಲ. ಉತ್ತರವನ್ನು ಹೊಳೆಯ ಬಳಿಯೇ ಕೇಳೋಣವೆಂದು ಹೊರಟೆವು.

ಅಲ್ಲಿ ನಮಗೆ ದಾರಿ ತೋರಿಸಲು ಬಂದವನು ಐವತ್ತರ ಆಸುಪಾಸಿನ ಮಿತಭಾಷಿ. ಅವನ ತಂದೆ ಬಲೆ ಬೀಸಿ ಬದುಕಿದವನಂತೆ. ಇಲ್ಲಿಯ ಮಹಸೀರ್ ಮೀನಿಗೆ ರಾಗಿಯ ಮುದ್ದೆಯನ್ನು ಉಂಡೆಮಾಡಿ ಕೊಕ್ಕೆಗೆ ಸಿಕ್ಕಿಸುವುದು ಹಳೆಯ ರೂಢಿ. ನಮ್ಮ ಹುಡುಗನಾದರೋ ಹಕ್ಕಿಯ ಗರಿ ಮತ್ತು ನೂಲುಗಳಿಂದ ಕೊಕ್ಕೆಯ ಮೇಲೆ ಕಟ್ಟಿದ ಹುಸಿಹುಳುವನ್ನು ತಂದಿದ್ದನು. ಟ್ರೌಟ್ ಎಂಬ ಶೀತಜಲದ ಮೀನಿಗಾಗಿ ಪಾಶ್ಚಾತ್ಯರು ಬೆಳೆಸಿದ ವಿದ್ಯೆಯಿದು. ಆ ಮೀನನ್ನು ನೀಲಗಿರಿಯ ಮೇಲಣ ತೊರೆಗಳಿಗೂ ತಂದು ಬಿಟ್ಟು, ೧೯೦೭ರಲ್ಲಿ ಅವಲಾಂಚಿಯಲ್ಲಿ ಮರಿ ಮಾಡಿಸುವ ಕೇಂದ್ರವನ್ನು ಸ್ಥಾಪಿಸಿದರು.

ನಾವು ಹೋದ ದಿನ ಬೆಳಗ್ಗೆ ಆಕಾಶವು ತಿಳಿಯಾಗಿತ್ತು. ಮಾರ್ಗದರ್ಶಿಯು ಮೊದಲು ಮಾಡಿದ ಕೆಲಸವೆಂದರೆ, ನೀರಿನಂಚಿಗೆ ಸರಿಯಾಗಿ ಒಂದು ಕಲ್ಲನ್ನು ಇಟ್ಟುದು. ಅನಂತರ ನೀರಿನಲ್ಲಿ ಕೈಯಿಟ್ಟು ನೋಡಿದನು. ಬಿಸಿಲೇರಿದಂತೆ ಸೆಕೆ ಹೆಚ್ಚಿತು; ಮಧ್ಯಾಹ್ನದ ಹೊತ್ತಿಗೆ ಪಡುವಣ ಬೆಟ್ಟಗಳ ಮೇಲೆ ಕಾರ್ಮೋಡ ಕಟ್ಟಿ ಗುಡುಗಲಾರಂಭಿಸಿತು. ನಾವಿದ್ದಲ್ಲಿ ಒಂದು ಹನಿಯೂ ಬಿದ್ದಿರಲಿಲ್ಲ. ಆದರೂ ಅವನು ಕಲ್ಲನ್ನು ತೋರಿಸಿದನು: ಅದು ಎರಡು ಬೆರಳಿನಷ್ಟು ಮುಳುಗಿತ್ತು. ಹೊಳೆಯ ನಡುವೆ ನೊರೆಯೂ ತರಗೆಲೆಯೂ ಸಾಲಾಗಿ ತೇಲಿಬರುತ್ತಿದ್ದವು.

"ಕೋಲು ಮಡಿಸಿ ಸಾರ್. ಇವತ್ತಿಗೆ ಸಾಕು" ಎಂದನು.

ದುಡ್ಡು ಕಟ್ಟಿ ಬಂದಿದ್ದ ಹುಡುಗನಿಗೆ ಮುಖ ಕೆಂಪಾಯಿತು. "ಈಗಲೇ ಮೀನು ಎದ್ದು ಆಡುತ್ತಿದೆಯಲ್ಲ!" ಎಂದನು. ಮಾರ್ಗದರ್ಶಿಯು ನಮ್ಮ ಕಡೆ ತಿರುಗಿ, "ಸ್ವಾಮಿ, ಮೇಲೆ ಮಳೆ ಹುಯ್ದಿದೆ, ಹೊಳೆ ಏಳುತ್ತಿದೆ. ಸಿಡಿಲಿಗೆ ಈ ಉದ್ದದ ಕೋಲೇ ದಾರಿ. ಅದೂ ಹೋಗಲಿ, ದಡದ ನೀರು ಬಿಸಿಯಾಗಿದೆ. ಈಗ ಕಚ್ಚಿದ ಮೀನನ್ನು ಆಡಿಸಿ ಬಿಟ್ಟರೆ ಅದು ಈಜಿಹೋದಂತೆ ಕಂಡರೂ ಬದುಕುತ್ತದೆಂಬ ನೆಚ್ಚಿಗೆಯಿಲ್ಲ" ಎಂದನು. ಕೂಲಿಯ ಹಣವನ್ನು ಹಿಂದಕ್ಕೆ ಕೊಡಲೂ ಸಿದ್ಧನಾದನು. ಅದನ್ನು ತೆಗೆದುಕೊಳ್ಳಲು ನಾವು ಒಪ್ಪಲಿಲ್ಲ.

ಅವನ ಮಾತು ಬರಿಯ ರೂಢಿಯ ಮಾತಲ್ಲ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರುವ ಪ್ರಾಣವಾಯು ಕಡಮೆಯಾಗುತ್ತದೆ; ಮೀನಿಗಾದರೋ ಅದೇ ಹೊತ್ತಿನಲ್ಲಿ ಅದರ ಅಗತ್ಯ ಹೆಚ್ಚುತ್ತದೆ. ಗಾಳದೊಡನೆ ಸೆಣಸಿ ದಣಿದ ಮೀನು ಅಂಥ ನೀರಿನಲ್ಲಿ ಚೇತರಿಸಿಕೊಳ್ಳುವುದು ಕಷ್ಟ. ಟ್ರೌಟ್ ಮೀನಿನ ವಿಷಯದಲ್ಲಿ ಈ ಎಚ್ಚರ ಇನ್ನೂ ಹೆಚ್ಚಾಗಿ ಬೇಕು. ಬೇಸಗೆಯಲ್ಲಿ ಮೀನುಗಳು ಬಂಡೆಗಳ ನಡುವೆ ನೀರು ನುಗ್ಗಿ ನೊರೆಯೇಳುವ ಸ್ಥಳಗಳನ್ನು ಹುಡುಕುವುದೂ ಈ ವಾಯುವಿಗಾಗಿಯೇ.

ರಾತ್ರಿ ಮಳೆ ಹೊಯ್ದಿತು. ಬೆಳಗಿನ ವೇಳೆಗೆ ಏರಿದ್ದ ನೀರು ಇಳಿಯತೊಡಗಿ, ಪಾನಕದ ಬಣ್ಣಕ್ಕೆ ತಿಳಿದು, ಮುಟ್ಟಿದರೆ ತಣ್ಣಗಿತ್ತು. ರಭಸದ ನೀರು ಮಡುವನ್ನು ಸೇರುವ ಗೆರೆಯನ್ನು ತೋರಿಸಿ, "ಅಲ್ಲಿ" ಎಂದನು. ಮೂರನೆಯ ಸಲ ಬೀಸಿದಾಗ ದಾರ ಬಿಗಿಯಿತು. ಹುಡುಗನು ಸೆಣಸಾಟವನ್ನು ಬೆಳೆಸಹೋದರೆ ಇವನು ಬೇಗ ಮುಗಿಸೆಂದು ಗದರಿಸಿದನು. ಹೊನ್ನಿನ ಬಣ್ಣದ ದೊಡ್ಡ ಹುರುಪೆಗಳ ಆ ಜೀವವನ್ನು ನೀರಿನಿಂದ ಮೇಲಕ್ಕೆತ್ತಲೇ ಇಲ್ಲ. ಕೊಕ್ಕೆಗೆ ಹಿಮ್ಮುಳ್ಳಿರಲಿಲ್ಲವಾದುದರಿಂದ ಅದು ಸುಲಭವಾಗಿ ಕಳಚಿತು. ಮೀನಿನ ಮುಖವನ್ನು ಪ್ರವಾಹಕ್ಕೆ ಎದುರಾಗಿ ಹಿಡಿದು, ಕಿವಿರುಗಳು ಸಮವಾಗಿ ಆಡುವವರೆಗೂ ಅವನು ಸೊಂಟಮಟ್ಟದ ನೀರಿನಲ್ಲಿ ಬಾಗಿ ನಿಂತಿದ್ದನು. ಆಮೇಲೆ ಅದು ತಾನಾಗಿಯೇ ಜಾರಿಹೋಯಿತು. ಅವನು ಜೇಬಿನಿಂದ ಪುಸ್ತಕ ತೆಗೆದು ಜಾತಿ, ಅಳತೆ, ಹೊತ್ತು, ನೀರಿನ ಬಣ್ಣ ಇಷ್ಟನ್ನು ಬರೆದುಕೊಂಡನು.

ಆ ಪುಸ್ತಕದ ಬೆಲೆ ನಮಗೆ ತಿಳಿದುದು ಅನಂತರದ ಓದಿನಿಂದ. ಕಾವೇರಿಗೆ ಸಹಜವಾದುದು ಬೆನ್ನುಬ್ಬಿದ ಮಹಸೀರ್. ಕನ್ನಡದಲ್ಲಿ ಇದನ್ನು ಬಿಳಿಮೀನು ಎನ್ನುವರು. ಮೈಸೂರಿನ ವಾನ್ ಇಂಗೆನ್ ಎಂಬವರು ೧೯೪೬ರಲ್ಲಿ ಕಬಿನಿಯಲ್ಲಿ ೧೨೦ ಪೌಂಡು ತೂಗುವ ಮಹಸೀರ್ ಮೀನನ್ನು ಗಾಳದಿಂದ ಹಿಡಿದಿದ್ದರು. ಮುಂದೆ ಸಂತತಿಯನ್ನು ಹೆಚ್ಚಿಸುವ ಸದುದ್ದೇಶದಿಂದಲೇ, ಹೊರಗೆ ಬೆಳೆಸಿದ ನೀಲಿರೆಕ್ಕೆಯ ಮಹಸೀರ್ ಮರಿಗಳನ್ನು ಹೊಳೆಗೆ ಬಿಟ್ಟರು. ಗಾಲಿಬೋರೆಯ ಶಿಬಿರದಲ್ಲಿ ೧೯೯೮ರಿಂದ ೨೦೧೨ರವರೆಗೆ ಗಾಳದವರು ಬರೆದಿಟ್ಟ ಲೆಕ್ಕಗಳನ್ನು ವಿಜ್ಞಾನಿಗಳು ಪರಿಶೀಲಿಸಿದಾಗ, ನೀಲಿರೆಕ್ಕೆಯದು ಹೆಚ್ಚುತ್ತ ಬಿಳಿಮೀನು ಅಳಿಯುತ್ತ ಬಂದುದು ಬೆಳಕಿಗೆ ಬಂತು. ೨೦೧೮ರಲ್ಲಿ ಬಿಳಿಮೀನಿಗೆ ಶಾಸ್ತ್ರೀಯ ನಾಮವೂ ನಿರ್ಣಯವಾಗಿ, ಅದು ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿತು. ಹಿಡಿದು, ಬರೆದು, ಬಿಟ್ಟವರಿಲ್ಲದಿದ್ದರೆ ಅದು ಮರೆಯಾಗುತ್ತಿರುವುದು ಇಷ್ಟು ಸ್ಪಷ್ಟವಾಗಿ ಗೊತ್ತಾಗುತ್ತಿರಲಿಲ್ಲ.

ಆದರೂ ಈ ವಿನೋದವು ನಿರ್ದೋಷವೆಂದು ನಾವು ಸಾಧಿಸಲಾರೆವು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಭಯಾರಣ್ಯದೊಳಗೆ ಗಾಳವೂ ಬೇಟೆಯೇ ಎಂದು ನಿರ್ಣಯವಾಗಿ, ಕಾವೇರಿ ಅಭಯಾರಣ್ಯದ ಶಿಬಿರಗಳಲ್ಲಿ ಅದು ನಿಂತುಹೋಯಿತು. ಜೀವಿಯನ್ನು ವಿನೋದಕ್ಕಾಗಿ ನೋಯಿಸಬಾರದೆಂಬುದು ಒಂದು ಪಕ್ಷ; ಗಾಳದವರೂ ಮಾರ್ಗದರ್ಶಿಗಳೂ ಓಡಾಡುತ್ತಿದ್ದರೆ ಸಿಡಿಮದ್ದು ಹಾಕಿ ಮೀನು ಕೊಲ್ಲುವವರು ಹತ್ತಿರ ಸುಳಿಯರೆಂಬುದು ಇನ್ನೊಂದು ಪಕ್ಷ. ಎರಡರಲ್ಲೂ ಸತ್ಯವಿದೆ. ನಮ್ಮ ಮನಸ್ಸು ಇಂದಿಗೂ ವಹ್ನಿಪುಷ್ಕರಿಣಿಯ ಕಡೆಗೇ ವಾಲುತ್ತದೆ. ಆದರೆ ದೇವರ ಭಯವೊಂದೇ ಕಾವೇರಿಯ ಉದ್ದಕ್ಕೂ ಕಾವಲು ನಿಲ್ಲಲಾರದು. ಉಳಿದ ಕಡೆ ಹೊಳೆಯನ್ನು ಬಲ್ಲ ಮನುಷ್ಯನೇ ಬೇಕು.

ಆದುದರಿಂದ ಗೃಹಸ್ಥರಲ್ಲಿ ನಮ್ಮ ವಿಜ್ಞಾಪನೆ ಇಷ್ಟೇ. ನಿಮ್ಮ ಮಕ್ಕಳು ಇಂಥ ವಿನೋದಕ್ಕೆ ಹೋಗಬಯಸಿದರೆ, ಅನುಮತಿಯುಳ್ಳ ಸ್ಥಳಕ್ಕೇ ಕಳುಹಿಸಿರಿ. ಮುಂಗಾರಿನ ಮುನ್ನಿನ ದಿನಗಳಲ್ಲಿ ಒಣ ಹೊಳೆಯನ್ನು ನಂಬಬೇಡಿರೆಂದು ತಿಳಿಹೇಳಿರಿ. ಎಷ್ಟು ಮೀನು ಹಿಡಿಸಿಕೊಡುತ್ತೀಯೆ ಎಂದು ಮಾರ್ಗದರ್ಶಿಯನ್ನು ಕೇಳುವುದಕ್ಕಿಂತ, ಯಾವ ಹೊತ್ತಿನಲ್ಲಿ ಗಾಳ ಹಾಕಿಸುವುದಿಲ್ಲ ಎಂದು ಕೇಳುವುದು ಮೇಲು. ಆ ಪ್ರಶ್ನೆಗೆ ಥಟ್ಟನೆ ಉತ್ತರ ಕೊಡುವವನ ಕೈಯಲ್ಲಿ ಹುಡುಗರೂ ಕ್ಷೇಮ, ಮೀನೂ ಕ್ಷೇಮ.