ಅಮ್ಮನಿಗೆ ಕೊಟ್ಟ ಮ್ಯಾಗ್ನೀಷಿಯಂ ಡಬ್ಬಿ

ರಾತ್ರಿ ಮೂರು ಗಂಟೆಗೆ ಮೀನಖಂಡ ಹಿಡಿದುಕೊಂಡರೆ ಹೇಗಿರುತ್ತೆ ಅಂತ ಅನುಭವಿಸಿದವರಿಗೇ ಗೊತ್ತು. ಮೊಣಕಾಲಿನ ಕೆಳಗಿನ ಮಾಂಸವನ್ನು ಯಾರೋ ಒದ್ದೆ ಬಟ್ಟೆ ಹಿಂಡಿದ ಹಾಗೆ ಹಿಂಡುತ್ತಿರುತ್ತಾರೆ. ಕಾಲು ಮಡಚೋಕೂ ಆಗಲ್ಲ, ಚಾಚೋಕೂ ಆಗಲ್ಲ. ನನ್ನ ಗಂಡ ನಿದ್ದೆಗಣ್ಣಲ್ಲೇ ಎದ್ದು, ಲೈಟ್ ಕೂಡ ಹಾಕದೆ, ನನ್ನ ಪಾದದ ಬೆರಳುಗಳನ್ನು ಮೇಲಕ್ಕೆ ಬಗ್ಗಿಸಿ ಹಿಡಿದುಕೊಳ್ಳುತ್ತಿದ್ದ. ಎರಡು ನಿಮಿಷಕ್ಕೆ ಸೆಳೆತ ಬಿಡುತ್ತಿತ್ತು. ನೋವು ಮಾತ್ರ ಮರುದಿನ ಮಧ್ಯಾಹ್ನದವರೆಗೂ ಉಳಿಯುತ್ತಿತ್ತು. ವಾರಕ್ಕೆ ನಾಲ್ಕು ರಾತ್ರಿ ಇದೇ ಕಥೆ.

ನನಗೆ ಐದು ವರ್ಷದಿಂದ ರುಮಟಾಯ್ಡ್ ಆರ್ಥ್ರೈಟಿಸ್ ಇದೆ. ನಮ್ಮ ದೇಹವನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ಕೀಲುಗಳ ಮೇಲೆ ತಿರುಗಿ ಬೀಳುವ ಕಾಯಿಲೆ. ವಾರಕ್ಕೊಂದು ದಿನ ಮೆಥೊಟ್ರೆಕ್ಸೇಟ್, ಜೊತೆಗೆ ಫೋಲಿಕ್ ಆ್ಯಸಿಡ್, ನೋವಿನ ಮಾತ್ರೆ, ನೋವಿನ ಮಾತ್ರೆಯಿಂದ ಹೊಟ್ಟೆ ಹಾಳಾಗದಿರಲಿ ಅಂತ ಬೆಳಗ್ಗೆ ಖಾಲಿ ಹೊಟ್ಟೆಗೆ ಒಂದು ಗ್ಯಾಸ್ ಮಾತ್ರೆ. ಇಷ್ಟೆಲ್ಲ ನುಂಗುವವಳಿಗೆ ಇನ್ನೊಂದು ಮಾತ್ರೆ ಭಾರ ಅನ್ನಿಸಲ್ಲ ನೋಡಿ. ಅಲ್ಲೇ ನಾನು ಎಡವಿದ್ದು.

ಆಫೀಸಿನ ಗೆಳತಿಯೊಬ್ಬಳು ಒಂದು ದಿನ ಊಟದ ಟೇಬಲ್‌ನಲ್ಲಿ ಹೇಳಿದಳು, "ಮ್ಯಾಗ್ನೀಷಿಯಂ ತಗೊಂಡು ನೋಡೇ. ನಂಗೆ ಪೀರಿಯಡ್ಸ್ ಹೊಟ್ಟೆನೋವು ಎಷ್ಟೋ ಕಮ್ಮಿ ಆಯ್ತು." ಅವತ್ತು ರಾತ್ರಿ ಫೋನ್ ತೆಗೆದರೆ ರೀಲ್ಸ್ ತುಂಬಾ ಅದೇ. ನಿದ್ದೆಗೆ ಮ್ಯಾಗ್ನೀಷಿಯಂ, ಟೆನ್ಷನ್‌ಗೆ ಮ್ಯಾಗ್ನೀಷಿಯಂ, ಮೈಕೈ ನೋವಿಗೆ ಮ್ಯಾಗ್ನೀಷಿಯಂ. ಹನ್ನೊಂದೂವರೆಗೆ ಆರ್ಡರ್ ಮಾಡಿದೆ, ಮರುದಿನ ಸಂಜೆ ಬಾಗಿಲಿಗೆ ಬಂತು.

ಮೊದಲು ತರಿಸಿದ್ದು ಅಗ್ಗದ್ದು, ಮ್ಯಾಗ್ನೀಷಿಯಂ ಆಕ್ಸೈಡ್. ಎರಡನೇ ದಿನ ಬೆಳಗಿನ ಮೀಟಿಂಗ್‌ನಲ್ಲಿ ಕ್ಯಾಮೆರಾ ಆಫ್ ಮಾಡಿ ಬಾತ್‌ರೂಮಿಗೆ ಓಡಿದೆ. ಮೂರನೇ ದಿನವೂ ಅಷ್ಟೇ. ಆಮೇಲೆ ಓದಿದೆ: ಆಕ್ಸೈಡ್ ರೂಪದ ಮ್ಯಾಗ್ನೀಷಿಯಂ ಕರುಳಲ್ಲಿ ಸರಿಯಾಗಿ ಹೀರಲ್ಪಡುವುದಿಲ್ಲ. ಹಾಗೆ ಉಳಿದದ್ದು ಕರುಳಿಗೆ ನೀರು ಎಳೆದುಕೊಳ್ಳುತ್ತೆ. ಮಲಬದ್ಧತೆಗೆ ಕುಡಿಯುವ ಬಿಳಿ ಔಷಧ, ಮಿಲ್ಕ್ ಆಫ್ ಮೆಗ್ನೀಷಿಯಾ ಇದೆಯಲ್ಲ, ಅದು ಕೆಲಸ ಮಾಡುವುದೂ ಹೀಗೇ. ಆ ಬಿಳಿ ಔಷಧವನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತೆ.

ಎರಡನೇ ಸಲ ಗ್ಲೈಸಿನೇಟ್ ತರಿಸಿದೆ. ಬೆಲೆ ಜಾಸ್ತಿ, ಹೊಟ್ಟೆಗೆ ಹಿತ. ಮಲಗುವ ಮುಂಚೆ ಒಂದು ಮಾತ್ರೆ, ಜೊತೆಗೆ ಗೋಡೆಗೆ ಕೈಕೊಟ್ಟು ನಿಂತು ಮೀನಖಂಡಕ್ಕೆ ಐದು ನಿಮಿಷ ಸ್ಟ್ರೆಚಿಂಗ್. ಮೂರು ವಾರಕ್ಕೆ ನಾಲ್ಕು ರಾತ್ರಿಯ ಕಾಟ ಒಂದೆರಡು ರಾತ್ರಿಗೆ ಇಳಿಯಿತು. ಕೀಲುನೋವು ಇದ್ದ ಹಾಗೇ ಇತ್ತು. ಆದರೆ ನಿದ್ದೆ ಸಿಕ್ಕರೆ ನೋವನ್ನು ತಡೆದುಕೊಳ್ಳುವ ಶಕ್ತಿಯೇ ಬೇರೆ. ಬೆಳಗ್ಗೆ ದೋಸೆ ಹಿಟ್ಟಿನ ಪಾತ್ರೆ ಎತ್ತುವಾಗ ಮೊದಲಿನಷ್ಟು ಸಿಟ್ಟು ಬರುತ್ತಿರಲಿಲ್ಲ.

ಒಳ್ಳೆಯದಾಗಿದ್ದೇ ತಡ, ಸಿಕ್ಕಸಿಕ್ಕವರಿಗೆಲ್ಲ ಹೇಳೋಕೆ ಶುರು ಮಾಡಿದೆ. ಅತ್ತಿಗೆಗೆ, ಪಕ್ಕದ ಫ್ಲ್ಯಾಟ್ ಆಂಟಿಗೆ, ಫ್ಯಾಮಿಲಿ ಗ್ರೂಪಿಗೆ. ಒಬ್ಬರಿಗೆ ಮಾತ್ರ ಹೇಳಲಿಲ್ಲ, ನನ್ನ ಡಾಕ್ಟರ್‌ಗೆ. "ವಿಟಮಿನ್ ಥರದ್ದು ತಾನೇ, ಅದನ್ನೇನು ಹೇಳೋದು" ಅಂದುಕೊಂಡಿದ್ದೆ.

ಯುಗಾದಿಗೆ ಹಾಸನಕ್ಕೆ ಹೋದಾಗ ಅಮ್ಮ ಜಗಲಿ ಮೇಲೆ ಕೂತು ಕಾಲು ನೀವಿಕೊಳ್ಳುತ್ತಿದ್ದಳು. "ನಂಗೂ ರಾತ್ರಿ ನರ ಹಿಡ್ಕೊಳುತ್ತೆ ಕಣೇ, ನಿನ್ನ ಮಾತ್ರೆ ಒಂದೆರಡು ಕೊಟ್ಟು ಹೋಗು" ಅಂದಳು. ಒಂದೆರಡು ಯಾಕೆ, ಹೊಸ ಡಬ್ಬಿಯನ್ನೇ ಇಟ್ಟು ಬಂದೆ. ಅಮ್ಮನಿಗೆ ಇಪ್ಪತ್ತು ವರ್ಷದ ಸಕ್ಕರೆ ಕಾಯಿಲೆ. ಎರಡು ವರ್ಷದಿಂದ ಕ್ರಿಯಾಟಿನಿನ್ ಜಾಸ್ತಿ ಇದೆ, ಕಿಡ್ನಿ ಸೋತಿದೆ ಅಂತ ಡಾಕ್ಟರ್ ಹೇಳಿದ್ದರು. ಅದು ನನಗೆ ಗೊತ್ತಿತ್ತು. ಆ ಡಬ್ಬಿಗೂ ಆ ಕಿಡ್ನಿಗೂ ಸಂಬಂಧ ಇದೆ ಅನ್ನೋದು ಗೊತ್ತಿರಲಿಲ್ಲ.

ಸುಮಾರು ಒಂದು ತಿಂಗಳಾದ ಮೇಲೆ ತಮ್ಮ ಫೋನ್ ಮಾಡಿದ. "ಅಕ್ಕ, ಅಮ್ಮ ಎರಡು ದಿನದಿಂದ ಬರೀ ಮಲಗೇ ಇರ್ತಾಳೆ. ಎಬ್ಬಿಸಿದ್ರೆ ಮಾತಾಡ್ತಾಳೆ, ಮತ್ತೆ ಕಣ್ಣು ಮುಚ್ತಾಳೆ. ಕುರ್ಚಿಯಿಂದ ಏಳೋಕೇ ಆಗ್ತಿಲ್ಲ." ಶುಗರ್ ನೋಡಿದರೆ ಸರಿಯಾಗಿತ್ತು, ಬಿಪಿ ಕಡಿಮೆ ಇತ್ತು. ನಾನು ಬೆಂಗಳೂರಿನಿಂದ ಹೊರಟು ಆಸ್ಪತ್ರೆ ತಲುಪುವಷ್ಟರಲ್ಲಿ ಅಡ್ಮಿಟ್ ಮಾಡಿದ್ದರು.

ಅಲ್ಲಿನ ಡಾಕ್ಟರ್ ಸಣ್ಣ ಸುತ್ತಿಗೆಯಿಂದ ಅಮ್ಮನ ಮೊಣಕಾಲಿಗೆ ತಟ್ಟಿ ನೋಡಿದರು. ಕಾಲು ಹೆಚ್ಚೇನೂ ಅಲುಗಲಿಲ್ಲ. "ನಾವು ಬರೆದುಕೊಟ್ಟಿದ್ದು ಬಿಟ್ಟು ಬೇರೆ ಏನಾದ್ರೂ ತಗೋತಿದ್ದಾರಾ?" ಅಂತ ಕೇಳಿದರು. ತಮ್ಮ ಇಲ್ಲ ಅಂದ. ಅಮ್ಮ ಕಣ್ಣು ಮುಚ್ಚಿಕೊಂಡೇ ನಿಧಾನವಾಗಿ ಹೇಳಿದಳು, "ಏನಿಲ್ಲ ಸಾರ್, ಮಗಳು ತಂದುಕೊಟ್ಟಿರೋ ಶಕ್ತಿ ಮಾತ್ರೆ ಅಷ್ಟೇ."

ನನಗೆ ನಿಂತ ನೆಲ ಕುಸಿದ ಹಾಗಾಯ್ತು.

ನಾನು ರಾತ್ರಿಗೆ ಒಂದು ಅಂದಿದ್ದೆ. ಒಂದರಿಂದ ಅಷ್ಟೇನೂ ಗೊತ್ತಾಗಲಿಲ್ಲ ಅಂತ ಅಮ್ಮ ಎರಡು ಮಾಡಿಕೊಂಡಿದ್ದಳು. ಅದರ ಜೊತೆಗೆ ಮೋಷನ್ ಸರಿಯಾಗಲಿ ಅಂತ ಮೆಡಿಕಲ್ ಶಾಪಿನಿಂದ ತಂದ ಬಿಳಿ ಔಷಧ, ದಿನಾ ರಾತ್ರಿ ಎರಡು ಚಮಚ. ಅದೂ ಮ್ಯಾಗ್ನೀಷಿಯಂ. ಎರಡೂ ಕಡೆಯಿಂದ ಒಳಗೆ ಬರುತ್ತಿದ್ದದ್ದನ್ನು ಹೊರಗೆ ಹಾಕಬೇಕಾದ ಕಿಡ್ನಿಗೆ ಕೈಲಾಗುತ್ತಿರಲಿಲ್ಲ. ರಕ್ತದಲ್ಲಿ ಮ್ಯಾಗ್ನೀಷಿಯಂ ಸಾಮಾನ್ಯವಾಗಿ ಡೆಸಿಲೀಟರಿಗೆ 2 ಮಿಲಿಗ್ರಾಂ ಆಸುಪಾಸು ಇರಬೇಕು. ಅಮ್ಮನದು 5 ಹತ್ತಿರ ಬಂದಿತ್ತು.

ಡಾಕ್ಟರ್ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ಕೂರಿಸಿ ವಿವರಿಸಿದರು. ಸ್ನಾಯು ಬಿಗಿಯಾಗೋಕೆ ಕ್ಯಾಲ್ಸಿಯಂ ಬೇಕು, ಆ ಬಿಗಿತಕ್ಕೆ ಕಡಿವಾಣ ಹಾಕೋದು ಮ್ಯಾಗ್ನೀಷಿಯಂ. ಕಡಿಮೆಯಾದರೆ ನರ, ಸ್ನಾಯು ಸುಮ್ಮಸುಮ್ಮನೆ ಕೆರಳುತ್ತವೆ, ಸೆಳೆತ ಬರುತ್ತೆ. ವಿಪರೀತ ಜಾಸ್ತಿಯಾದರೆ ಉಲ್ಟಾ: ಸ್ನಾಯು ಸಡಿಲವಾಗುತ್ತೆ, ಮಂಪರು ಬರುತ್ತೆ, ಬಿಪಿ ಇಳಿಯುತ್ತೆ, ಇನ್ನೂ ಏರಿದರೆ ಉಸಿರಾಟಕ್ಕೂ ಹೃದಯಕ್ಕೂ ತೊಂದರೆ. ಬಸುರಿಯರಿಗೆ ಬಿಪಿ ಏರಿ ಫಿಟ್ಸ್ ಬರುವ ಅಪಾಯ ಇದ್ದಾಗ ಆಸ್ಪತ್ರೆಯಲ್ಲಿ ಮ್ಯಾಗ್ನೀಷಿಯಂ ಸಲ್ಫೇಟ್ ಕೊಡುತ್ತಾರೆ. ಎಷ್ಟೋ ತಾಯಂದಿರ ಜೀವ ಉಳಿಸಿದ ಔಷಧ ಅದು. ಆದರೆ ಕೊಡುವಾಗ ಮತ್ತೆಮತ್ತೆ ಮೊಣಕಾಲು ತಟ್ಟಿ ನೋಡುತ್ತಾರೆ. ಕಾಲು ಜಿಗಿಯುವುದು ನಿಂತರೆ ಪ್ರಮಾಣ ಮೀರುತ್ತಿದೆ ಅಂತ ಅರ್ಥ. "ಕಿಡ್ನಿ ಚೆನ್ನಾಗಿದ್ರೆ ಹೆಚ್ಚಾಗಿದ್ದನ್ನ ಮೂತ್ರದಲ್ಲಿ ಹೊರಗೆ ಹಾಕುತ್ತೆ. ನಿಮ್ಮಮ್ಮಂದು ಹಾಕಲ್ಲಮ್ಮ" ಅಂದರು.

ಮಾತ್ರೆ, ಬಿಳಿ ಔಷಧ ಎರಡನ್ನೂ ನಿಲ್ಲಿಸಿದರು. ಡ್ರಿಪ್ ಹಾಕಿದರು, ಕ್ಯಾಲ್ಸಿಯಂ ಕೊಟ್ಟರು. ಎರಡನೇ ದಿನ ಸಂಜೆ ಅಮ್ಮ ತಾನಾಗಿ ಎದ್ದು ಕೂತು, "ಈ ಆಸ್ಪತ್ರೆ ಕಾಫಿ ಬಟ್ಟೆ ತೊಳೆದ ನೀರಿದ್ದ ಹಾಗಿದೆ" ಅಂದಳು. ಆ ಮಾತು ಕೇಳಿ ನಾನು ಹೊರಗೆ ಹೋಗಿ ಅತ್ತೆ.

ಬೆಂಗಳೂರಿಗೆ ಬಂದ ವಾರವೇ ನನ್ನ ಡಾಕ್ಟರ್ ಹತ್ತಿರ ಹೋಗಿ, ಡಬ್ಬಿಯನ್ನು ಟೇಬಲ್ ಮೇಲಿಟ್ಟು ಎಲ್ಲ ಹೇಳಿದೆ. ಅವರು ನನ್ನ ಹಳೇ ಫೈಲ್ ತಿರುವುತ್ತಾ ಹೋದವರು ಒಂದು ಕಡೆ ನಿಂತರು. "ಈ ಪ್ಯಾಂಟೊಪ್ರಜೋಲ್ ದಿನಾ ತಗೋತಿದ್ದೀರಾ? ಎಷ್ಟು ವರ್ಷ ಆಯ್ತು?" ನಾಲ್ಕು ವರ್ಷದ ಮೇಲಾಗಿತ್ತು. ಚೀಟಿ ತೋರಿಸಿದರೆ ಮೆಡಿಕಲ್‌ನವರು ಕೊಡುತ್ತಿದ್ದರು, ನಾನು ನುಂಗುತ್ತಿದ್ದೆ. ಗ್ಯಾಸ್ ಮಾತ್ರೆಯನ್ನು ಔಷಧ ಅಂತ ಯಾರು ಲೆಕ್ಕ ಇಡ್ತಾರೆ?

ಈ ಜಾತಿಯ ಮಾತ್ರೆಗಳನ್ನು ವರ್ಷಗಟ್ಟಲೆ ತೆಗೆದುಕೊಂಡರೆ ಕೆಲವರಲ್ಲಿ ಮ್ಯಾಗ್ನೀಷಿಯಂ ಇಳಿಯುತ್ತೆ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2011ರಲ್ಲೇ ಎಚ್ಚರಿಸಿತ್ತಂತೆ. ಅಂಥವರಲ್ಲಿ ಕೆಲವರಿಗೆ ಮ್ಯಾಗ್ನೀಷಿಯಂ ಕೊಟ್ಟರೂ ಸಾಲುವುದಿಲ್ಲ, ಆ ಮಾತ್ರೆಯನ್ನೇ ನಿಲ್ಲಿಸಬೇಕಾಗುತ್ತೆ. ನನ್ನ ರಕ್ತ ಪರೀಕ್ಷೆಯಲ್ಲಿ ಬಂದದ್ದು 1.5, ಪೂರಕ ಮಾತ್ರೆ ನುಂಗುತ್ತಿದ್ದಾಗಲೂ! "ಟ್ಯಾಂಕ್ ಸೋರ್ತಿದೆ, ನೀವು ಮೇಲಿಂದ ನೀರು ತುಂಬ್ತಾ ಇದ್ದೀರಿ" ಅಂದರು ಡಾಕ್ಟರ್.

ಹಾಗಂತ ಗ್ಯಾಸ್ ಮಾತ್ರೆಯನ್ನು ಅವತ್ತೇ ಎಸೆಯಲಿಲ್ಲ. ನೋವಿನ ಮಾತ್ರೆ ನುಂಗುವ ಹೊಟ್ಟೆಗೆ ಅದರ ರಕ್ಷಣೆ ಬೇಕು. ಕಾಯಿಲೆ ಹಿಡಿತಕ್ಕೆ ಬಂದಿದ್ದರಿಂದ ಮೊದಲು ನೋವಿನ ಮಾತ್ರೆಯನ್ನು ದಿನಕ್ಕೆರಡರಿಂದ ಬೇಕಾದಾಗ ಮಾತ್ರ ಅನ್ನುವ ಮಟ್ಟಕ್ಕೆ ಇಳಿಸಿದರು. ಆಮೇಲೆ ಗ್ಯಾಸ್ ಮಾತ್ರೆಯನ್ನು ಹಂತಹಂತವಾಗಿ ಬಿಡಿಸಿದರು. ನನ್ನ ಕಿಡ್ನಿ ಪರೀಕ್ಷೆ ಸರಿಯಿದ್ದುದರಿಂದ ಮ್ಯಾಗ್ನೀಷಿಯಂ ಮೂರು ತಿಂಗಳು ಮುಂದುವರಿಯಿತು, ಈ ಸಲ ಅವರ ಲೆಕ್ಕದಲ್ಲಿ. ಥೈರಾಯ್ಡ್ ಮಾತ್ರೆ ಇದ್ದರೆ ಅದಕ್ಕೂ ಇದಕ್ಕೂ ನಾಲ್ಕು ಗಂಟೆ ಅಂತರ ಬೇಕು, ಕೆಲವು ಆ್ಯಂಟಿಬಯೋಟಿಕ್‌ಗಳ ಜೊತೆಗೂ ನುಂಗಬಾರದು ಅಂತ ಆಗಲೇ ತಿಳಿದದ್ದು.

ಈಗ ನೀವು ಕೇಳಬಹುದು, ಹಾಗಾದ್ರೆ ಮ್ಯಾಗ್ನೀಷಿಯಂ ಕೆಲಸ ಮಾಡುತ್ತಾ ಇಲ್ವಾ? ನನಗೆ ಮಾಡಿತು, ಯಾಕೆಂದರೆ ನನಗೆ ಅದರ ಕೊರತೆಯೇ ಇತ್ತು. ಕೊರತೆ ಇಲ್ಲದವರಿಗೆ? ಸ್ನಾಯು ಸೆಳೆತದ ಬಗ್ಗೆ ನಡೆದ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದ 2020ರ ಕೊಕ್ರೇನ್ ವಿಮರ್ಶೆ, ವಯಸ್ಸಾದವರ ಸೆಳೆತಕ್ಕೆ ಇದರಿಂದ ಹೇಳಿಕೊಳ್ಳುವಂಥ ಉಪಯೋಗ ಆಗುವ ಸಾಧ್ಯತೆ ಕಡಿಮೆ ಅನ್ನುತ್ತೆ. ಮೈಗ್ರೇನ್ ತಡೆಗೆ, ಮುಟ್ಟಿನ ನೋವಿಗೆ ಸ್ವಲ್ಪ ಆಶಾದಾಯಕ ಫಲಿತಾಂಶಗಳಿವೆ. ಆದ್ದರಿಂದ ನನ್ನ ಗೆಳತಿ ಸುಳ್ಳು ಹೇಳಿದಳು ಅನ್ನಲ್ಲ. ನಾನೇ ಸುಧಾರಿಸಿದ್ದರಲ್ಲೂ ಮಾತ್ರೆಯ ಪಾಲೆಷ್ಟು, ಗೋಡೆಗೆ ಕೈಕೊಟ್ಟು ಮಾಡಿದ ಸ್ಟ್ರೆಚಿಂಗ್ ಪಾಲೆಷ್ಟು ಅಂತ ಬಿಡಿಸಿ ಹೇಳಲಾರೆ.

ಡಬ್ಬಿ ಕೊಳ್ಳುವವರು ಒಂದು ನೋಡಿಕೊಳ್ಳಿ. ಮುಂದೆ ದೊಡ್ಡದಾಗಿ ಬರೆದಿರುವ ಸಂಖ್ಯೆ ಎಷ್ಟೋ ಸಲ ಇಡೀ ಸಂಯುಕ್ತದ ತೂಕ. ಶುದ್ಧ ಗ್ಲೈಸಿನೇಟ್‌ನಲ್ಲಿ ನಿಜವಾದ ಮ್ಯಾಗ್ನೀಷಿಯಂ ತೂಕದ ಶೇ. 14ರಷ್ಟು, ಆಕ್ಸೈಡ್‌ನಲ್ಲಿ ಶೇ. 60ರಷ್ಟು. ಹಿಂದಿನ ಸಣ್ಣ ಅಕ್ಷರ ಓದಿದರೇ ಲೆಕ್ಕ ಸಿಗೋದು. ಅಮೆರಿಕದಲ್ಲಿ ಆರೋಗ್ಯವಂತ ವಯಸ್ಕರಿಗೆ ಪೂರಕಗಳಿಂದ ಬರುವ ಮ್ಯಾಗ್ನೀಷಿಯಂಗೆ ದಿನಕ್ಕೆ 350 ಮಿಲಿಗ್ರಾಂ ಮಿತಿ ಅಂತ ಇಟ್ಟಿದ್ದಾರೆ. ಊಟದಲ್ಲಿ ಬರೋದು ಆ ಲೆಕ್ಕಕ್ಕಿಲ್ಲ. ರಕ್ತ ಪರೀಕ್ಷೆಯೂ ಪೂರ್ತಿ ಕಥೆ ಹೇಳಲ್ಲ. ನಮ್ಮ ಮೈಯಲ್ಲಿರುವ ಸುಮಾರು 25 ಗ್ರಾಂ ಮ್ಯಾಗ್ನೀಷಿಯಂನಲ್ಲಿ ಅರ್ಧಕ್ಕಿಂತ ಹೆಚ್ಚು ಮೂಳೆಯಲ್ಲಿದೆ, ರಕ್ತದಲ್ಲಿರೋದು ಶೇ. 1ಕ್ಕಿಂತ ಕಡಿಮೆ. ರಿಪೋರ್ಟ್ ನೋಡಿ ಅರ್ಥ ಮಾಡಿಕೊಳ್ಳೋಕೆ ಡಾಕ್ಟರ್ ಬೇಕು ಅನ್ನೋದು ಅದಕ್ಕೇ.

ಈಗ ನನ್ನ ಮಾತ್ರೆ ನಿಂತಿದೆ. ರಾತ್ರಿ ಊಟಕ್ಕೆ ಅನ್ನದ ಬದಲು ಮುದ್ದೆ ಬಂದಿದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 140 ಮಿಲಿಗ್ರಾಂ ಮ್ಯಾಗ್ನೀಷಿಯಂ ಇದೆ, ಪಾಲಿಷ್ ಮಾಡಿದ ಅಕ್ಕಿಯಲ್ಲಿ ಅದರ ಕಾಲುಭಾಗವೂ ಇಲ್ಲ. ಎಳ್ಳಿನ ಚಟ್ನಿಪುಡಿ, ಸೊಪ್ಪಿನ ಸಾರು ವಾರದಲ್ಲಿ ನಾಲ್ಕು ದಿನ. ಸೆಳೆತ ಪೂರ್ತಿ ಹೋಗಿಲ್ಲ, ತಿಂಗಳಿಗೆ ಎರಡು ಮೂರು ಸಲ ಬರುತ್ತೆ. ನನ್ನ ಗಂಡನಿಗೆ ಬೆರಳು ಬಗ್ಗಿಸುವ ಅಭ್ಯಾಸ ತಪ್ಪಿಲ್ಲ. ಅಮ್ಮನ ಊಟದ ಪಟ್ಟಿಯೇ ಬೇರೆ. ಕಿಡ್ನಿ ಡಾಕ್ಟರ್ ಬರೆದುಕೊಟ್ಟಿದ್ದನ್ನು ಅಡುಗೆಮನೆ ಗೋಡೆಗೆ ಅಂಟಿಸಿದ್ದೇವೆ, ನನ್ನ ಮುದ್ದೆ ಪುರಾಣವನ್ನು ಅವಳ ಮುಂದೆ ತೆಗೆಯಲ್ಲ.

ನನ್ನ ಫೋನಿನಲ್ಲಿ ಈಗ ಎರಡು ಪಟ್ಟಿ ಇವೆ, ನನ್ನದೊಂದು, ಅಮ್ಮನದೊಂದು. ಮಾತ್ರೆ, ಟಾನಿಕ್, ಚೂರ್ಣ, ಕಷಾಯ, ಎಲ್ಲವೂ ಅದರಲ್ಲಿ. ಯಾವ ಡಾಕ್ಟರ್ ಹತ್ತಿರ ಹೋದರೂ ಮೊದಲು ಅದನ್ನು ತೋರಿಸೋದು.

ಹೋದ ವಾರ ಅಮ್ಮ ವಾಟ್ಸ್ಆ್ಯಪ್‌ನಲ್ಲಿ ಒಂದು ಫೋಟೊ ಕಳಿಸಿದ್ದಳು. ಎದುರು ಮನೆಯವರು ಕೊಟ್ಟ ಯಾವುದೋ ಮಂಡಿನೋವಿನ ಪುಡಿ. ಕೆಳಗೆ ವಾಯ್ಸ್ ಮೆಸೇಜ್: "ಇದನ್ನ ತಗೋಬಹುದಾ ಕೇಳಿ ಹೇಳು. ನಿನ್ನ ಕೇಳ್ತಿಲ್ಲ, ಡಾಕ್ಟರ್ ಹತ್ರ ಕೇಳಿ ಹೇಳು."